ಮಗುವಿನ ಪಾಠ, ಪೋಷಕರ ಪಾಲು



ಮಕ್ಕಳ ವಿದ್ಯಾಭ್ಯಾಸದ ಕುರಿತು ನಮ್ಮ ಮನೆಗಳಲ್ಲಿ ನಡೆಯುವ ಚಿಂತನೆ ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಬಿರುಸಾಗುತ್ತದೆ. ಒಂದು, ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂದು ತೀರ್ಮಾನಿಸುವಾಗ; ಇನ್ನೊಂದು, ಎಸ್.ಎಸ್.ಎಲ್.ಸಿ. ಪರೀಕ್ಷೆ ಸಮೀಪಿಸಿದಾಗ. ಇವುಗಳ ನಡುವೆ ಬರುವ ಮೂರು, ನಾಲ್ಕು ಮತ್ತು ಐದನೆಯ ತರಗತಿಗಳ ವರ್ಷಗಳು ಯಾರ ಗಮನವನ್ನೂ ಸೆಳೆಯದೆ ಸರಿದುಹೋಗುತ್ತವೆ. ಆದರೆ ಮಗು ಸ್ವತಃ ಕಲಿಯುವ ವ್ಯಕ್ತಿಯಾಗುತ್ತದೆಯೋ, ಇತರರ ಬೆನ್ನೇರಿ ಸಾಗುವ ಅಭ್ಯಾಸಕ್ಕೆ ಬೀಳುತ್ತದೆಯೋ ಎಂಬುದು ಬಹುಮಟ್ಟಿಗೆ ಈ ಮೂರು ವರ್ಷಗಳಲ್ಲೇ ನಿರ್ಧಾರವಾಗುತ್ತದೆ. ಆದ್ದರಿಂದ ಈ ವಯಸ್ಸಿನ ಮಗುವಿಗೆ ಸಹಾಯ ಮಾಡುವುದೆಂದರೆ ನಿಜವಾಗಿ ಏನು ಎಂಬ ಪ್ರಶ್ನೆ ಕೇವಲ ಶೈಕ್ಷಣಿಕವಾದುದಲ್ಲ; ಅದೊಂದು ನೈತಿಕ ಪ್ರಶ್ನೆ.

ಈ ಮೂರು ವರ್ಷಗಳಲ್ಲಿ ಮಗು ಕಲಿಯುವುದಾದರೂ ಏನನ್ನು? ಅದುವರೆಗೆ ಓದಲು ಕಲಿಯುತ್ತಿದ್ದ ಮಗು ಇನ್ನು ಮುಂದೆ ಕಲಿಯಲು ಓದಬೇಕಾಗುತ್ತದೆ. ಅಕ್ಷರ, ಕಾಗುಣಿತ, ಒತ್ತಕ್ಷರಗಳನ್ನು ದಾಟಿ, ಒಂದು ಪುಟವನ್ನು ಓದಿ ಅದರ ಅರ್ಥವನ್ನು ತನ್ನ ಮಾತಿನಲ್ಲಿ ಹೇಳಬೇಕಾಗುತ್ತದೆ. ಗಣಿತದಲ್ಲಿ ಮಗ್ಗಿ, ಸ್ಥಾನಬೆಲೆ, ಭಾಗಾಕಾರ, ಭಿನ್ನರಾಶಿ, ಸುತ್ತಳತೆಗಳು ಬರುತ್ತವೆ. ಪರಿಸರ ಅಧ್ಯಯನದಲ್ಲಿ ನೀರು, ಬೆಳೆ, ಕಸುಬು, ಊರು, ನಕ್ಷೆಗಳ ಪರಿಚಯವಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭಗೊಂಡು ಅನಂತರ ರಾಜ್ಯದಾದ್ಯಂತ ಹರಡಿದ ‘ನಲಿ-ಕಲಿ’ ಪದ್ಧತಿಯಲ್ಲಿ ಕಲಿತ ಮಗುವಿಗಂತೂ ಇದು ದೊಡ್ಡ ಬದಲಾವಣೆ. ಕಾರ್ಡುಗಳನ್ನು ಹಿಡಿದು ತನ್ನದೇ ವೇಗದಲ್ಲಿ ಕಲಿಯುತ್ತಿದ್ದ ಮಗು ನಾಲ್ಕನೆಯ ತರಗತಿಯಲ್ಲಿ ಎಲ್ಲರೊಂದಿಗೆ ಒಂದೇ ಪಾಠವನ್ನು ಒಂದೇ ದಿನ ಓದಬೇಕು. ಇಲ್ಲಿ ಎಡವಿದ ಮಗು ಮುಂದೆ ಪ್ರತಿಯೊಂದು ವಿಷಯದಲ್ಲೂ ಎಡವುತ್ತದೆ. 2024ರ ‘ಅಸರ್’ ಸಮೀಕ್ಷೆಯ ಪ್ರಕಾರ, ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಓದಬಲ್ಲವರು ಅರ್ಧಕ್ಕಿಂತಲೂ ಕಡಿಮೆ. ಈ ಸಂಗತಿ ನಮ್ಮನ್ನು ಎಚ್ಚರಿಸಬೇಕು.

ಈ ಎಚ್ಚರ ಮೂಡಿದಾಗ ಪೋಷಕರು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುವುದುಂಟು. ಕೆಲವರು ಮಗುವಿನ ಕೆಲಸವನ್ನು ತಾವೇ ಕೈಗೆತ್ತಿಕೊಳ್ಳುತ್ತಾರೆ. ಉತ್ತರ ಹೇಳಿಕೊಟ್ಟು ಬರೆಯಿಸುತ್ತಾರೆ. ಲೆಕ್ಕದಲ್ಲಿ ತಪ್ಪು ಕಂಡರೆ ಅಳಿಸಿ ತಾವೇ ಸರಿಯಾದ ಅಂಕಿಯನ್ನು ಬರೆಯುತ್ತಾರೆ. ಪ್ರಾಜೆಕ್ಟ್ ಎಂದರೆ ರಾತ್ರಿ ಹನ್ನೊಂದರವರೆಗೆ ಕುಳಿತು ತಾವೇ ಚಾರ್ಟ್ ತಯಾರಿಸುತ್ತಾರೆ. ಇನ್ನು ಕೆಲವರು, “ನಮಗೆ ಇಂಗ್ಲಿಷ್ ಬಾರದು, ಈಗಿನ ಪಾಠ ನಮಗೆ ತಿಳಿಯದು” ಎಂದು ಕೈಚೆಲ್ಲಿ, ಎಲ್ಲವನ್ನೂ ಟ್ಯೂಷನ್ನಿಗೆ ಒಪ್ಪಿಸಿಬಿಡುತ್ತಾರೆ. ಮೊದಲನೆಯದು ಅತಿಯಾದ ಪ್ರೀತಿಯಂತೆಯೂ ಎರಡನೆಯದು ವಿನಯದಂತೆಯೂ ಕಾಣುತ್ತದೆ. ಆದರೆ ಎರಡರ ಹಿಂದೆಯೂ ಇರುವುದು ಒಂದೇ ತಪ್ಪು ತಿಳಿವಳಿಕೆ: ವಿದ್ಯೆಯೆಂಬುದು ದೊಡ್ಡವರ ಕೈಯಿಂದ ಮಗುವಿನ ತಲೆಗೆ ಸುರಿಯಬೇಕಾದ ವಸ್ತು ಎಂಬ ಭಾವನೆ.

ನಮ್ಮ ಧರ್ಮಸಭೆಯ ಚಿಂತಕರು ಹಾಗೆ ಭಾವಿಸಲಿಲ್ಲ. ಸಂತ ಅಗಸ್ಟೀನರು ತಮ್ಮ ಮಗನಾದ ಅದೆಯೊದಾತುಸನೊಂದಿಗೆ ನಡೆಸಿದ ಸಂವಾದವನ್ನು ಶಿಕ್ಷಕನ ಕುರಿತಾದ ಒಂದು ಗ್ರಂಥವನ್ನಾಗಿ ಬರೆದರು. ಹೊರಗಿನ ಮಾತು ಕಲಿಯುವವನನ್ನು ಪ್ರಚೋದಿಸಬಲ್ಲದೇ ಹೊರತು ಸತ್ಯವನ್ನು ಒಳಗೆ ಇಡಲಾರದು, ಅಂತರಂಗದಲ್ಲಿ ನೆಲೆಸಿರುವ ಕ್ರಿಸ್ತರೇ ನಿಜವಾದ ಗುರು ಎಂಬುದು ಅಲ್ಲಿನ ವಿಚಾರದ ತಿರುಳು. ಸಂತ ತೋಮಸ್ ಅಕ್ವಿನಾಸರು ಶಿಕ್ಷಕನನ್ನು ವೈದ್ಯನಿಗೆ ಹೋಲಿಸಿದರು. ವೈದ್ಯನು ಔಷಧಿ ಕೊಡುತ್ತಾನೆ. ಆದರೆ ವಾಸಿಯಾಗುವುದು ರೋಗಿಯ ದೇಹದೊಳಗಿನ ಶಕ್ತಿಯಿಂದ. ರೋಗಿಯ ಬದಲಾಗಿ ವೈದ್ಯನೇ ಔಷಧಿ ನುಂಗಿದರೆ ಪ್ರಯೋಜನವುಂಟೇ? ಮಗುವಿನ ಬದಲಾಗಿ ತಂದೆಯೋ ತಾಯಿಯೋ ಲೆಕ್ಕ ಮಾಡಿದರೂ ಅಷ್ಟೇ.

ಇಲ್ಲಿ ಇನ್ನೊಂದು ಸಂಗತಿಯನ್ನು ನೆನೆಯೋಣ. 1910ರಲ್ಲಿ ಜಗದ್ಗುರು ಹತ್ತನೆಯ ಪಿಯುಸರು, ವಿವೇಕದ ವಯಸ್ಸಿಗೆ, ಅಂದರೆ ಸುಮಾರು ಏಳನೆಯ ವರ್ಷಕ್ಕೆ ಬಂದ ಮಕ್ಕಳಿಗೆ ಪಾಪನಿವೇದನೆ ಹಾಗೂ ಪರಮಪ್ರಸಾದದ ಸಂಸ್ಕಾರಗಳನ್ನು ತಡೆಹಿಡಿಯಬಾರದೆಂದು ಆದೇಶಿಸಿದರು. ನಮ್ಮ ಧರ್ಮಕೇಂದ್ರಗಳಲ್ಲಿ ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗುವವರು ಹೆಚ್ಚುಕಡಿಮೆ ಈ ತರಗತಿಗಳ ಮಕ್ಕಳೇ. ಎಂಟು ವರ್ಷದ ಮಗು ತನ್ನ ಆತ್ಮಸಾಕ್ಷಿಯನ್ನು ತಾನೇ ಶೋಧಿಸಿಕೊಳ್ಳಬಲ್ಲದು, ತನ್ನ ತಪ್ಪಿಗೆ ದೇವರ ಮುಂದೆ ತಾನೇ ಉತ್ತರ ಕೊಡಬಲ್ಲದು ಎಂದು ಧರ್ಮಸಭೆ ನಂಬುತ್ತದೆ. ಆ ಮಗುವಿನ ಬದಲಾಗಿ ತಾಯಿ ಪಾಪನಿವೇದನೆ ಮಾಡಲಾಗದು. ಹಾಗಿರುವಾಗ, ತನ್ನ ತಪ್ಪು ಲೆಕ್ಕಕ್ಕೆ ತಾನೇ ಉತ್ತರ ಕೊಡುವ ಅವಕಾಶವನ್ನು ಅದೇ ಮಗುವಿಗೆ ನಾವು ಕೊಡುತ್ತಿಲ್ಲವೇಕೆ? ಅಪ್ಪ ತಯಾರಿಸಿದ ಚಾರ್ಟನ್ನು ಹಿಡಿದು ತರಗತಿಯಲ್ಲಿ “ನಾನೇ ಮಾಡಿದ್ದು” ಎಂದು ಹೇಳುವ ಮಗುವಿಗೆ ನಾವು ಕಲಿಸಿದ್ದು ವಿಜ್ಞಾನವನ್ನೇ, ಸುಳ್ಳನ್ನೇ?

“ಎಲ್ಲರ ಮನೆಯಲ್ಲೂ ಹಾಗೆಯೇ ಮಾಡುತ್ತಾರೆ, ನಮ್ಮ ಮಗುವೊಂದೇ ಹಿಂದುಳಿಯಬೇಕೇ?” ಎಂದು ನೀವು ಕೇಳಬಹುದು. ಈ ಆತಂಕ ಸುಳ್ಳಲ್ಲ. ವಕ್ರವಾದ ಗೆರೆಗಳ, ಬಣ್ಣ ಹೊರಗೆ ಚೆಲ್ಲಿದ ಚಾರ್ಟಿಗೆ ಕಡಿಮೆ ಅಂಕ ಸಿಗಬಹುದು. ಆದರೆ ಆ ಅಂಕ ಮಗುವಿನದು. ಆ ಕಡಿಮೆ ಅಂಕವನ್ನು ಸಹಿಸುವ ಶಕ್ತಿ ಮಗುವಿಗಿಂತ ನಮಗೇ ಕಡಿಮೆ ಎಂಬುದು ಸತ್ಯಕ್ಕೆ ಹೆಚ್ಚು ಹತ್ತಿರ. ಜಗದ್ಗುರು ಹನ್ನೊಂದನೆಯ ಪಿಯುಸರು 1931ರ ತಮ್ಮ ವಿಶ್ವಪರಿಪತ್ರದಲ್ಲಿ, ಸಣ್ಣ ಸಮುದಾಯವೊಂದು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆ ಕಸಿದುಕೊಳ್ಳುವುದು ಅನ್ಯಾಯವೆಂಬ ತತ್ವವನ್ನು ಸಾರಿದರು. ಅವರು ಹೇಳಿದ್ದು ಸಮಾಜ ಮತ್ತು ರಾಜ್ಯದ ಕುರಿತು. ಮನೆಗೂ ಅದು ಸಲ್ಲುತ್ತದೆ: ಮಗು ಮಾಡಬಲ್ಲದ್ದನ್ನು ಕಸಿಯಬಾರದು, ಮಾಡಲಾರದ ಕಡೆ ಒಂಟಿಯಾಗಿ ಬಿಡಬಾರದು. ಇವೆರಡರ ನಡುವಿನ ಗೆರೆಯನ್ನು ದಿನದಿನವೂ ಗುರುತಿಸುವುದೇ ಪೋಷಕರ ಕೆಲಸ.

“ನಮಗೆ ಪಾಠ ಬಾರದು” ಎನ್ನುವವರಿಗೂ ಇಲ್ಲಿ ಉತ್ತರವಿದೆ. ಬೆಳ್ತಂಗಡಿಯ ಅನೇಕ ಮನೆಗಳಲ್ಲಿ ಮಲಯಾಳ, ಬಂಟ್ವಾಳ ಮತ್ತು ಮೂಡುಬಿದಿರೆಯ ಕ್ರೈಸ್ತ ಮನೆಗಳಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್ – ಇದು ನಮ್ಮ ಮಕ್ಕಳ ಭಾಷಾಲೋಕ. ಮಗು ಓದಿದ್ದನ್ನು ಮನೆಭಾಷೆಯಲ್ಲಿ ಹೇಳಲಿ; ನೀವು ಕೇಳಿರಿ. ಎಲ್ಲಿ ತಡವರಿಸುತ್ತದೆಯೋ ಅಲ್ಲಿ ಅದಕ್ಕೆ ಅರ್ಥವಾಗಿಲ್ಲ ಎಂದು ಅಕ್ಷರ ಬಾರದ ಅಜ್ಜಿಗೂ ತಿಳಿಯುತ್ತದೆ. “ಅದು ಹೇಗೆ? ಇನ್ನೊಮ್ಮೆ ಹೇಳು” ಎಂದು ಕೇಳುವುದಕ್ಕೆ ಪದವಿ ಬೇಕಾಗಿಲ್ಲ.

ಪಾಠಪುಸ್ತಕದ ವಿಷಯವೂ ನಮ್ಮ ಅಂಗಳದಲ್ಲೇ ಇದೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಬೇಕು. 25 ಲೀಟರ್ ಸಾಕಾದರೆ ಎಷ್ಟು? ಭಿನ್ನರಾಶಿ ಎಂದರೆ ಇದೇ. (ದ್ರಾವಣ ಮುಟ್ಟುವ ಕೆಲಸ ದೊಡ್ಡವರದು, ಲೆಕ್ಕ ಮಾತ್ರ ಮಗುವಿನದು.) ಬೀಡಿ ಕಟ್ಟುವ ತಾಯಿ 25ರ ಕಟ್ಟುಗಳಾಗಿ 600 ಬೀಡಿ ಜೋಡಿಸಿದರೆ ಕಟ್ಟುಗಳೆಷ್ಟು ಎಂಬುದು ಭಾಗಾಕಾರ. ಮಗುವನ್ನು ಆ ಕೆಲಸಕ್ಕೆ ಕೂರಿಸುವುದು ಸಲ್ಲದು. ಆದರೆ ತಾಯಿಯ ದುಡಿಮೆಯ ಲೆಕ್ಕ ತಿಳಿದ ಮಗು ಗಣಿತದೊಂದಿಗೆ ಗೌರವವನ್ನೂ ಕಲಿಯುತ್ತದೆ. 1430ರಲ್ಲಿ ನಿರ್ಮಾಣಗೊಂಡ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಈಗ ಎಷ್ಟು ವರ್ಷ? ನಿಮ್ಮ ಚರ್ಚಿಗೆ ಎಷ್ಟು? ನಾಲ್ಕಂಕಿಯ ವ್ಯವಕಲನಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೇ? ಬೆಳ್ತಂಗಡಿಯ ಕಡೆಯಿಂದ ಹರಿದುಬರುವ ನೇತ್ರಾವತಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳವನ್ನು ಹಾದು, ತುಂಬೆಯ ಅಣೆಕಟ್ಟಿನಿಂದ ಮಂಗಳೂರಿಗೆ ನೀರುಣಿಸಿ ಸಮುದ್ರ ಸೇರುತ್ತದೆ. 1974ರ ನೆರೆಯನ್ನು ಕಂಡ ಹಿರಿಯರು ಮನೆಯಲ್ಲಿದ್ದರೆ, 2019ರ ಆಗಸ್ಟಿನ ಪ್ರವಾಹವನ್ನು ಅದರೊಂದಿಗೆ ಹೋಲಿಸಿ ಹೇಳಲಿ. ಪರಿಸರ ಅಧ್ಯಯನದ ಪಾಠ ಅಲ್ಲಿ ಜೀವ ತಳೆಯುತ್ತದೆ.

ಓದಿಗೂ ನಮ್ಮ ಮಣ್ಣಿನ ಆಸರೆಯಿದೆ. ಕನ್ನಡದ ಶಿಶುಸಾಹಿತ್ಯಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಪಂಜೆ ಮಂಗೇಶರಾಯರು 1874ರಲ್ಲಿ ಬಂಟ್ವಾಳದಲ್ಲಿ ಜನಿಸಿದವರು, ಸ್ವತಃ ಶಿಕ್ಷಕರಾಗಿದ್ದವರು. ಅವರ ಕಥೆ, ಪದ್ಯಗಳನ್ನು ಸಂಜೆಯ ಜಪಸರದ ಬಳಿಕ ಹತ್ತು ನಿಮಿಷ ಮಗು ಗಟ್ಟಿಯಾಗಿ ಓದಲಿ, ಮನೆಯವರೆಲ್ಲ ಕೇಳಲಿ. ಆ ಹತ್ತು ನಿಮಿಷ ಟಿ.ವಿ., ಮೊಬೈಲುಗಳು ಮೌನವಾಗಿರಲಿ. ಗಲ್ಫಿನಲ್ಲಿ ದುಡಿಯುವ ತಂದೆಯಂದಿರು ಫೋನಿನಲ್ಲಿ “ಎಷ್ಟು ಮಾರ್ಕ್ಸ್ ಬಂತು?” ಎಂಬ ಪ್ರಶ್ನೆಗೆ ಮೊದಲು “ಇವತ್ತು ಏನು ಓದಿದೆ? ನನಗೂ ಹೇಳು” ಎಂದು ಕೇಳಲಿ.

ಕೊನೆಗೆ ಶಿಕ್ಷೆಯ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಶಿಕ್ಷಕರು ಮಾಡಬಾರದ್ದನ್ನು ಪ್ರೀತಿಯ ಹೆಸರಿನಲ್ಲಿ ನಾವು ಮನೆಯಲ್ಲಿ ಮಾಡಬಹುದೇ? ಮಗ್ಗಿ ತಪ್ಪಿದ್ದಕ್ಕೆ ಬೆತ್ತ, ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಕೆ – ಇವು ಮಗ್ಗಿಯನ್ನು ಕಲಿಸುವುದಿಲ್ಲ. ತಪ್ಪನ್ನು ಬಚ್ಚಿಡಲು ಕಲಿಸುತ್ತವೆ. ತಪ್ಪನ್ನು ಬಚ್ಚಿಡುವ ಮಗು ತಿದ್ದಿಕೊಳ್ಳುವುದಾದರೂ ಹೇಗೆ?

ಪೋಷಕರೇ ಮಕ್ಕಳ ಮೊದಲ ಮತ್ತು ಪ್ರಧಾನ ಶಿಕ್ಷಕರು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಈ ಕರ್ತವ್ಯದ ಭಾರಕ್ಕೆ ಹೆದರುವವರು ಸಂತ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ತೆರೆದು ನೋಡಬೇಕು. ಹನ್ನೆರಡು ವರ್ಷದ ಬಾಲಯೇಸು ಮಹಾದೇವಾಲಯದಲ್ಲಿ ಬೋಧಕರ ನಡುವೆ ಕುಳಿತು, ಅವರ ಮಾತನ್ನು ಕೇಳುತ್ತಾ ಪ್ರಶ್ನಿಸುತ್ತಾ ಇದ್ದರು. ಮೂರು ದಿನ ಹುಡುಕಿ ಬಂದ ಮಾತೆ ಮರಿಯ ಮತ್ತು ಜೋಸೆಫರಿಗೆ ಮಗ ಕೊಟ್ಟ ಉತ್ತರ ಅರ್ಥವಾಗಲಿಲ್ಲ. ಆದರೂ ತಾಯಿ ಅದನ್ನು ತಳ್ಳಿಹಾಕಲಿಲ್ಲ, ಹೃದಯದಲ್ಲಿ ಇಟ್ಟುಕೊಂಡಳು. ಮಗ ನಜರೇತಿಗೆ ಹಿಂದಿರುಗಿ ಅವರಿಗೆ ವಿಧೇಯನಾಗಿ, ಜ್ಞಾನದಲ್ಲಿಯೂ ದೈವಕೃಪೆಯಲ್ಲಿಯೂ ಬೆಳೆದನು. ಮಗುವಿನ ಪಾಠವೆಲ್ಲ ನಮಗೆ ಅರ್ಥವಾಗಲೇಬೇಕೆಂದಿಲ್ಲ. ಅದನ್ನು ಹುಡುಕಿಕೊಂಡು ಹೋಗುವ ಕಾಳಜಿ, ಅದರ ಪ್ರಶ್ನೆಗೆ ಕಿವಿಗೊಡುವ ತಾಳ್ಮೆ, ಹಿಂದಿರುಗಿ ಬರಲು ಒಂದು ಪ್ರೀತಿಯ ಮನೆ – ಇವಿಷ್ಟನ್ನು ಕೊಡಲು ಪ್ರತಿಯೊಬ್ಬ ತಂದೆತಾಯಿಗೂ ಸಾಧ್ಯವಿದೆ. ಇಂದು ಸಂಜೆ ಮಗು ಪುಸ್ತಕ ತೆರೆದಾಗ, ಪೆನ್ಸಿಲನ್ನು ಅದರ ಕೈಯಲ್ಲೇ ಬಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿರಿ.