ಮದ್ದು ಹೊಡೆಯುವವರ ಮೈ

ಕೊಡಗಿನ ಕಾಫಿ ತೋಟಗಳಲ್ಲಿ ವಿಷಕ್ಕೆ ಯಾರೂ ವಿಷ ಅನ್ನೋದಿಲ್ಲ, ಮದ್ದು ಅಂತಾರೆ. ಜ್ವರಕ್ಕೆ ಕುಡಿಸುವುದೂ ಮದ್ದು, ಗಿಡಕ್ಕೆ ಹೊಡೆಯುವುದೂ ಮದ್ದು. ನಮ್ಮ ಹಳ್ಳಿಗಳಲ್ಲಿ ಈ ಮಾತಿಗೆ ಮೂರನೆಯ ಅರ್ಥವೂ ಉಂಟು: ಅನ್ನದಲ್ಲಿ ಗುಟ್ಟಾಗಿ ಕಲಸಿಟ್ಟು, ತಿಂದವನನ್ನು ದಿನದಿನಕ್ಕೆ ಒಳಗಿಂದ ಸವೆಸುವುದು. 'ಯಾರೋ ಮದ್ದು ಹಾಕಿದ್ದಾರೆ' ಅನ್ನುತ್ತೇವಲ್ಲ, ಅದು. ಈ ಮೂರನೆಯ ಮದ್ದಿನ ಬಗ್ಗೆ ನಾವು ಮಾತಾಡಬೇಕಾಗಿದೆ.

ಹುಡುಗ ಯಾವಾಗ ಗಂಡಸಾಗಬೇಕು, ಹುಡುಗಿ ಯಾವಾಗ ಮೈನೆರೆಯಬೇಕು, ಬಸಿರಿನ ಕೂಸು ಹೇಗೆ ಬೆಳೆಯಬೇಕು, ಇದಕ್ಕೆಲ್ಲ ಮೈಯೊಳಗೆ ಹುಕುಂ ಹೊರಡಿಸುವುದು ಹಾರ್ಮೋನು. ಕೆಲವು ರಾಸಾಯನಿಕಗಳು ಆ ಹುಕುಮನ್ನು ನಕಲು ಮಾಡುತ್ತವೆ, ಇಲ್ಲವೆ ತಡೆದು ನಿಲ್ಲಿಸುತ್ತವೆ. ಇದನ್ನು ಪತ್ತೆ ಹಚ್ಚುವ ಪರೀಕ್ಷೆಗಳು ಪ್ರಯೋಗಶಾಲೆಯಲ್ಲಿವೆ. ಎಳೆಯ ಹೆಣ್ಣಿಲಿಗೆ ಕೆಲವು ದಿನ ರಾಸಾಯನಿಕ ಕೊಟ್ಟು ಅದರ ಗರ್ಭಕೋಶವನ್ನು ತೂಗುತ್ತಾರೆ. ತೂಕ ಏರಿದರೆ ಆ ರಾಸಾಯನಿಕ ಹೆಣ್ಣು ಹಾರ್ಮೋನಿನ ವೇಷ ಹಾಕಿದೆ ಎಂದು ಲೆಕ್ಕ. 2007ರಲ್ಲಿ ಒಇಸಿಡಿ ಸಂಸ್ಥೆ ಈ ಪರೀಕ್ಷೆಗೆ ನಿಯಮ ಬರೆಯಿತು. ಯಾವ ಇಲಿಗೆ ಎಷ್ಟು ಕೊಟ್ಟೆವು, ಎಷ್ಟು ದಿನ ಕೊಟ್ಟೆವು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಇಲಿಗೂ ಒಂದು ಲೆಕ್ಕದ ಪುಸ್ತಕವಿದೆ.

ನಮ್ಮ ಕೈಗೆ ಬರುವ ಡಬ್ಬದ ಮೇಲೆ ಏನಿದೆ? 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ. ಎಷ್ಟು ಪ್ರಮಾಣ ಮೈಸೇರಿದರೆ ಪರೀಕ್ಷೆಯ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುತ್ತವೆ ಎಂಬುದೇ ಆ ಬಣ್ಣದ ಅಳತೆ. ಸಾಯದೆ ಉಳಿದವುಗಳ ಬಸಿರು ಏನಾಯಿತು, ಮರಿಗಳು ಏನಾದವು, ಅದನ್ನು ಬಣ್ಣ ಹೇಳುವುದಿಲ್ಲ.

ಕೊಡಗಿನಲ್ಲಿ ಬಿಳಿ ಕಾಂಡಕೊರಕಕ್ಕೆ ಲಿಂಡೇನ್ ಹೊಡೆದರು. ಕಾಯಿಕೊರಕ ಬಂದಾಗ ಎಂಡೋಸಲ್ಫಾನ್ ಹೊಡೆದರು. ಪಂಪು ಹೊತ್ತದ್ದು ಯಾರ ಬೆನ್ನು? ಲೈನ್ ಮನೆಗಳ ಎರವರು, ಜೇನುಕುರುಬರು, ದಲಿತರು. ಇವರು ಮುಟ್ಟಿದರೆ ಮೈಲಿಗೆ ಅಂದ ಸಮಾಜವೇ ವಿಷ ಮುಟ್ಟುವ ಕೆಲಸವನ್ನು ಇವರಿಗೆ ಮೀಸಲಿಟ್ಟಿತು. ಎಂಡೋಸಲ್ಫಾನ್ 2011ರಲ್ಲಿ ನಿಂತಿತು, ಲಿಂಡೇನ್ ಬಳಕೆ 2013ರಲ್ಲಿ. ಅಷ್ಟು ವರ್ಷ ಹೊತ್ತವರ ಮೈಯ ಲೆಕ್ಕ ಬರೆದವರು ಯಾರು? ಲೈನ್ ಮನೆಯಲ್ಲಿ ಕೂಸಾಗದಿದ್ದರೆ ಹೆಂಡತಿಯನ್ನು ಬಂಜೆ ಅನ್ನುವವರುಂಟು, ಗಂಡನ ಬೆನ್ನಿನ ಪಂಪನ್ನು ಕೇಳುವವರಿಲ್ಲ.

ಕೇಳಿದರೆ ಏನು ಸಿಗುತ್ತದೆ ಅನ್ನೋದಕ್ಕೆ ಕಾಸರಗೋಡು ಸಾಕ್ಷಿ. ಇದೇ ಎಂಡೋಸಲ್ಫಾನನ್ನು ಅಲ್ಲಿ ಸರ್ಕಾರದ್ದೇ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 2000ದವರೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಸುರಿದರು. ಎಣ್ಮಕಜೆಯ ಪಡ್ರೆಯಂಥ ಕನ್ನಡ, ತುಳು ಮಾತಾಡುವ ಊರುಗಳು ತೋಟದ ಕೆಳಗಿದ್ದವು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿನ 117 ಶಾಲಾ ಹುಡುಗರನ್ನು, ವಿಷ ಬೀಳದ ಊರಿನ 90 ಹುಡುಗರ ಜೊತೆ ಹೋಲಿಸಿತು. 2003ರಲ್ಲಿ ಅಚ್ಚಾದ ಆ ವರದಿ ಹೇಳಿದ್ದು: ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ, ಅವರ ರಕ್ತದಲ್ಲಿ ಗಂಡು ಹಾರ್ಮೋನು ವಯಸ್ಸಿಗೆ ತಕ್ಕಷ್ಟಿಲ್ಲ. ಕಂಪನಿಗಳ ಕಡೆಯವರು ಒಪ್ಪಲಿಲ್ಲ. ಇನ್ನೂ ಪುರಾವೆ ಬೇಕು ಅಂದರು.

ಪುರಾವೆ ಬೇಕು ಅನ್ನುವುದು ತಪ್ಪಲ್ಲ. ಹುಳ ಬಿದ್ದರೆ ಗಿಡ ಸಾಯುತ್ತದೆ, ತೋಟ ಹೋದರೆ ಕೂಲಿಯೂ ಹೋಗುತ್ತದೆ ಅನ್ನುವ ಮಾತಿನಲ್ಲೂ ಸತ್ಯವಿದೆ. ಕೋರ್ಟಿನಲ್ಲಿ ಆರೋಪಿಗೆ ಸಂದೇಹದ ಲಾಭ ಕೊಡುತ್ತಾರೆ, ಸರಿ. ಆದರೆ ರಾಸಾಯನಿಕ ಮನುಷ್ಯನಲ್ಲ, ಅದಕ್ಕೆ ನೇಣಿಲ್ಲ. ಅದಕ್ಕೆ ಸಂದೇಹದ ಲಾಭ ಕೊಟ್ಟರೆ ಸಂದೇಹದ ನಷ್ಟ ಯಾರದು? ಪ್ರಯೋಗಶಾಲೆಯಲ್ಲಿ ಕೇಳದ ಪ್ರಶ್ನೆಯನ್ನು ತೋಟದಲ್ಲಿ ಕೂಲಿಯ ಮೈಗೆ ಕೇಳುತ್ತಾರೆ. 'ಪುರಾವೆ ತನ್ನಿ' ಅನ್ನುವವರು ನಿಜವಾಗಿ ಹೇಳುತ್ತಿರುವುದು ಇಷ್ಟೇ: ಮೊದಲು ನೀವು ಕೆಡಿ, ಆಮೇಲೆ ಮಾತಾಡೋಣ.

ಪರೀಕ್ಷೆ ಮಾಡಿದರೆ ಸಾಲದು, ಫಲಿತಾಂಶ ಮುಟ್ಟಬೇಕಾದವರಿಗೆ ಮುಟ್ಟಬೇಕು. ಡಿಬಿಸಿಪಿ ಅನ್ನುವ ಮದ್ದು ಇಲಿಗಳ ವೃಷಣವನ್ನು ಕುಗ್ಗಿಸುತ್ತದೆಂದು 1961ರಲ್ಲೇ ಅಚ್ಚಾಗಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು, ನಮಗ್ಯಾಕೆ ಮಕ್ಕಳಾಗುತ್ತಿಲ್ಲ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಪರೀಕ್ಷೆ ಮಾಡಿಸಿದ್ದು 1977ರಲ್ಲಿ. ಹದಿನಾರು ವರ್ಷ ಆ ಸತ್ಯ ಇಂಗ್ಲಿಷಿನ ಪುಟದಲ್ಲಿ ಮಲಗಿತ್ತು, ಮತ್ತು ಅವರು ಇಂಗ್ಲಿಷ್ ಬಲ್ಲವರೇ ಆಗಿದ್ದರು. ಇನ್ನು ಎರವ ಭಾಷೆ ಆಡುವ ತಾಯಿಗೆ ಯಾವ ಪುಟ ಓದಿ ಹೇಳುವವರಿದ್ದಾರೆ?

ಆದ್ದರಿಂದ ಗೆಳೆಯರೆ, ಹಳ್ಳಿ ಶಾಲೆಯ ಮೇಷ್ಟ್ರುಗಳೆ, ನಾವು ವಿಜ್ಞಾನದ ವಿರೋಧಿಗಳಲ್ಲ. ವಿಜ್ಞಾನ ಲೈನ್ ಮನೆಯ ಬಾಗಿಲಿಗೂ ಬರಲಿ ಅನ್ನುತ್ತಿದ್ದೇವೆ. ಹಾರ್ಮೋನು ಕೆಡಿಸುವುದಿಲ್ಲ ಎಂದು ಮಾರುವವನು ಮೊದಲು ತೋರಿಸಲಿ, ಆಮೇಲೆ ಮಾರಲಿ. ಅಲ್ಲಿಯವರೆಗೆ ಒಂದು ನೋಟ್‌ಬುಕ್ಕು ಇಡೋಣ: ಯಾವ ಮದ್ದು, ಯಾವ ದಿನ, ಯಾರು ಹೊಡೆದರು, ಎಷ್ಟು ಹೊತ್ತು, ಕೈಗೆ ಗವಸು ಕೊಟ್ಟರೋ ಇಲ್ಲವೋ. ಇಲಿಗೆ ಸಿಕ್ಕ ಲೆಕ್ಕದ ಪುಸ್ತಕ ಮನುಷ್ಯನಿಗೂ ಸಿಗಬೇಕು. ಇದನ್ನು ಕೇಳುವುದಕ್ಕೆ ಯಾವ ಪುರಾವೆಯೂ ಬೇಕಾಗಿಲ್ಲ.