ಮುಂದಾಳಿನ ರೆಕ್ಕೆ, ಹಿಂಬಾಲಕನ ಕಣ್ಣು

ಒಬ್ಬನನ್ನು ನಂಬಿ ಅವನ ಹಿಂದೆ ನಡೆಯುವುದು ಸದ್ಗುಣವೋ, ಅಥವಾ ತಾನೇ ವಿಚಾರಿಸಬೇಕಾದ ಶ್ರಮವನ್ನು ಪರರ ಹೆಗಲಿಗೆ ದಾಟಿಸುವ ಉಪಾಯವೋ ಎಂಬ ಪ್ರಶ್ನೆ ಧರ್ಮಜಿಜ್ಞಾಸೆಯಷ್ಟೇ ಹಳೆಯದು. ವಿಧೇಯತೆಯನ್ನು ಕೊಂಡಾಡುವವರಿಗೂ ಸ್ವತಂತ್ರಬುದ್ಧಿಯನ್ನು ಕೊಂಡಾಡುವವರಿಗೂ ನಿದರ್ಶನಗಳ ಬಡತನವಿಲ್ಲ. ಆದರೆ ಆ ನಿದರ್ಶನಗಳಲ್ಲಿ ಬಹುಪಾಲು, ಫಲ ಕಾಣುವುದಕ್ಕೆ ಒಂದು ತಲೆಮಾರೇ ಕಳೆಯಬೇಕಾದಂಥವು. ಅಷ್ಟರಲ್ಲಿ ವಾದಿಗಳೂ ಇರುವುದಿಲ್ಲ, ಪ್ರತಿವಾದಿಗಳೂ ಇರುವುದಿಲ್ಲ. ಅನುಸರಣೆಯ ಗುಣದೋಷಗಳು ಕ್ಷಣಾರ್ಧದಲ್ಲಿ ಪ್ರಕಟವಾಗುವ ಕ್ಷೇತ್ರವೊಂದುಂಟು. ಸೈನಿಕ ವಿಮಾನಗಳು ಆಕಾಶದಲ್ಲಿ ವ್ಯೂಹ ಕಟ್ಟಿ ನಡೆಸುವ ಕಸರತ್ತೇ ಆ ಕ್ಷೇತ್ರ. ಮಠದ ಪತ್ರಿಕೆಯಲ್ಲಿ ವಿಮಾನದ ಮಾತೇಕೆ ಎಂದು ಕೆಲವರು ಹುಬ್ಬೇರಿಸಿಯಾರು. ಬೀದರಿನ ಕಡೆಯ ಭಕ್ತರು ಹಾಗೆ ಕೇಳಲಾರರು. 1996ರಲ್ಲಿ ರೂಪುಗೊಂಡ ನಮ್ಮ ವಾಯುಸೇನೆಯ ಸೂರ್ಯಕಿರಣ ತಂಡದ ನೆಲೆ ಅವರ ಊರೇ ಅಲ್ಲವೇ? ಆದರೆ ಅದು ಜೆಟ್ ವಿಮಾನಗಳ ತಂಡ. ನಮ್ಮ ವಿಚಾರಕ್ಕೆ ಹೆಚ್ಚು ಒದಗುವುದು ಮೂತಿಯಲ್ಲಿ ಪ್ರೊಪೆಲ್ಲರ್ ತಿರುಗುವ ವಿಮಾನಗಳ ತಂಡ. ಅಂಥವುಗಳಲ್ಲಿ ಹಿರಿಯದೊಂದು ದೂರದ ಬ್ರೆಜಿಲ್ ದೇಶದಲ್ಲಿದೆ.

ಅದರ ಹೆಸರು ಎಸ್ಕ್ವಾದ್ರಿಲ್ಯಾ ದಾ ಫುಮಾಸಾ, ಎಂದರೆ ಹೊಗೆಯ ದಳ. ಇದರ ಹುಟ್ಟಿನ ಕಥೆ ಶಿಕ್ಷಕರಾದವರೆಲ್ಲ ತಿಳಿಯಬೇಕಾದುದು. ರಿಯೋ ಡಿ ಜನೈರೋ ನಗರದ ಕಾಂಪೋ ದೋಸ್ ಅಫೋನ್ಸೋಸ್ ಎಂಬಲ್ಲಿ ವಾಯುಸೇನೆಯ ಶಾಲೆಯಿತ್ತು. ಅಲ್ಲಿನ ವಿದ್ಯಾರ್ಥಿಗಳಿಗೆ ತಾವು ಕಲಿಯುತ್ತಿದ್ದ ಟಿ-6 ವಿಮಾನದ ಮೇಲೂ ತಮ್ಮ ಕೈಚಳಕದ ಮೇಲೂ ಭರವಸೆ ಮೂಡಬೇಕೆಂದು, ಕೆಲವು ತರುಣ ಶಿಕ್ಷಕರು ತಮ್ಮ ಬಿಡುವಿನ ವೇಳೆಯಲ್ಲಿ ಅವೇ ವಿಮಾನಗಳನ್ನು ಜೊತೆಗೂಡಿ ಹಾರಿಸತೊಡಗಿದರು. 1952ರ ಮೇ 14ರಂದು ಮೊದಲ ಅಧಿಕೃತ ಪ್ರದರ್ಶನ ನಡೆಯಿತು. ಮರುವರ್ಷ ಹೊಗೆ ಬಿಡುವ ಏರ್ಪಾಡು ಸೇರಿ ಜನರ ಬಾಯಲ್ಲಿ ಈ ಹೆಸರು ನಿಂತಿತು. ನಡುವೆ ಕೆಲವು ವರ್ಷ ಜೆಟ್ ವಿಮಾನಗಳನ್ನೂ ಪ್ರಯೋಗಿಸಿ ನೋಡಿ ತಂಡವು ಹಳೆಯ ಟಿ-6ಕ್ಕೇ ಮರಳಿತು. 1983ರಲ್ಲಿ ತಮ್ಮ ದೇಶದಲ್ಲೇ ತಯಾರಾದ ತುಕಾನೋ ಬಂದಿತು. 2013ರಲ್ಲಿ ಸೂಪರ್ ತುಕಾನೋ. ಇವೆರಡೂ ಪ್ರೊಪೆಲ್ಲರ್ ವಿಮಾನಗಳೇ. ಉಪದೇಶದಿಂದ ಮೂಡದ ಭರವಸೆಯನ್ನು, ವಿದ್ಯಾರ್ಥಿಗಳ ಕಣ್ಣೆದುರಿಗೆ ತಮ್ಮ ಜೀವವನ್ನೇ ಒಡ್ಡಿ ಮೂಡಿಸಿದ ಆ ಶಿಕ್ಷಕರ ಬಗೆಗೆ ನಮಗೆ ಗೌರವವಿದೆ. ಆದರೆ ಇಲ್ಲಿ ಅದನ್ನು ಬೆಳೆಸುವುದಿಲ್ಲ.

ವ್ಯೂಹದಲ್ಲಿ ಹಾರುವವನ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ನೋಡೋಣ. ಅವನಿಗೂ ಪಕ್ಕದ ವಿಮಾನಕ್ಕೂ ನಡುವೆ ಇರುವುದು ಕೆಲವೇ ಮೀಟರುಗಳ ಅಂತರ. ಅವನು ನೆಲವನ್ನು ನೋಡುವುದಿಲ್ಲ, ದಿಗಂತವನ್ನು ನೋಡುವುದಿಲ್ಲ, ತನ್ನ ಮುಂದಿರುವ ಮಾಪಕಗಳನ್ನೂ ಕಣ್ಣೆತ್ತಿ ನೋಡಲು ಪುರುಸೊತ್ತಿಲ್ಲ. ಮುಂದಾಳಿನ ವಿಮಾನದ ಮೇಲೆ ಎರಡು ಗುರುತುಗಳನ್ನು ಹಿಡಿದಿರುತ್ತಾನೆ: ರೆಕ್ಕೆಯ ತುದಿಯೊಂದು, ಒಡಲಿನ ಮೇಲಿನ ಚಿಹ್ನೆಯೊಂದು ಎನ್ನಿ. ಅವೆರಡೂ ಒಂದೇ ರೇಖೆಯಲ್ಲಿದ್ದರೆ ತಾನು ತನ್ನ ಸ್ಥಾನದಲ್ಲಿದ್ದಾನೆ. ರೇಖೆ ಕದಲಿದರೆ ತಾನು ಕದಲಿದ್ದಾನೆ. ಪ್ರೊಪೆಲ್ಲರ್ ವಿಮಾನದಲ್ಲಿ ಈ ಸ್ಥಾನರಕ್ಷಣೆಗೆ ಇನ್ನೊಂದು ತೊಡಕುಂಟು. ಎಂಜಿನ್ನಿನ ಶಕ್ತಿಯನ್ನು ಏರಿಸಿದೊಡನೆ ಮೂತಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಇಳಿಸಿದೊಡನೆ ಇನ್ನೊಂದು ಪಕ್ಕಕ್ಕೆ. ಆದ್ದರಿಂದ ಕೈ ಮಾಡಿದ ಪ್ರತಿಯೊಂದು ತಿದ್ದುಪಡಿಗೂ ಕಾಲಿನಿಂದ ಮತ್ತೊಂದು ತಿದ್ದುಪಡಿ ಆಗಬೇಕು. ಕೆಳಗೆ ನಿಂತವರು ಎಲ್ಲವೂ ಒಂದೇ ಹಲಗೆಗೆ ಮೊಳೆ ಹೊಡೆದಂತೆ ಸ್ಥಿರವಾಗಿದೆ ಎನ್ನುತ್ತಾರೆ. ಮೇಲೆ ಕುಳಿತವನಿಗೆ ಒಂದು ನಿಮಿಷದ ಸ್ಥೈರ್ಯವೂ ಇಲ್ಲ.

ಇದು ಸಂಪೂರ್ಣ ಶರಣಾಗತಿಯಂತೆ ತೋರುತ್ತದೆ. ನೆಲ ಎಷ್ಟು ದೂರವಿದೆ ಎಂಬುದನ್ನು ಸಹ ಇನ್ನೊಬ್ಬನ ಕಣ್ಣಿಗೆ ಒಪ್ಪಿಸಿಕೊಟ್ಟಾಯಿತಲ್ಲ! ಆದರೆ ಇದೇ ಚಿತ್ರವನ್ನು ಮುಂದಾಳಿನ ಆಸನದಿಂದ ನೋಡಿದರೆ ಬೇರೆಯೇ ಆಗಿ ಕಾಣುತ್ತದೆ. ಅವನಿಗೆ ತನ್ನ ಹಿಂದೆ ಏನಾಗುತ್ತಿದೆ ಎಂಬುದು ಬಹುಮಟ್ಟಿಗೆ ತಿಳಿಯದು. ಹಿಂಬಾಲಕನ ವಿಮಾನದ ಮೂತಿಯಲ್ಲಿ ಲೋಹವನ್ನು ಕತ್ತರಿಸಬಲ್ಲ ಅಲಗುಗಳು ಸುತ್ತುತ್ತಿವೆ. ಅವು ಮುಂದಾಳಿನ ಬಾಲದಿಂದಲೂ ರೆಕ್ಕೆಯಿಂದಲೂ ಕೆಲವೇ ಮಾರು ದೂರದಲ್ಲಿವೆ. ಪ್ರೊಪೆಲ್ಲರಿನ ತಂಡವನ್ನೇ ನಾವು ಆಯ್ದುಕೊಂಡದ್ದು ಈ ಕಾರಣಕ್ಕಾಗಿ. ಇಲ್ಲಿ ಹಿಂಬಾಲಕನು ಬರಿಗೈಯವನಲ್ಲ. ಅವನು ತನ್ನ ಕಣ್ಣನ್ನು ಮುಂದಾಳಿಗೆ ಕೊಟ್ಟಿದ್ದರೆ, ಮುಂದಾಳು ತನ್ನ ಬೆನ್ನನ್ನು ಅವನಿಗೆ ಕೊಟ್ಟಿದ್ದಾನೆ. ಅನುಯಾಯಿಗಳು ತಮ್ಮ ಮೇಲೆ ಇಟ್ಟ ನಂಬಿಕೆಯನ್ನು ಎಣಿಸಿ ಹಿಗ್ಗುವ ನಾಯಕರು, ತಾವು ಅನುಯಾಯಿಗಳ ಮೇಲೆ ಎಷ್ಟು ಆತುಕೊಂಡಿದ್ದೇವೆಂಬುದನ್ನು ಎಣಿಸುವುದು ಅಪರೂಪ. ಅನುಸರಿಸಲ್ಪಡುವ ಪೀಠದಲ್ಲಿ ಕುಳಿತವರಾದ ನಾವೂ ಈ ಮಾತಿಗೆ ಹೊರತಲ್ಲ.

ಈ ನಂಬಿಕೆ ಕೈಕೊಟ್ಟರೇನು ಗತಿ? 2015ರ ಮಾರ್ಚ್ 15ರಂದು ಮಲೇಷ್ಯದ ಲಂಗ್ಕಾವಿಯಲ್ಲಿ ಇಂಡೋನೇಷ್ಯದ ಜುಪಿಟರ್ ತಂಡದ ಎರಡು ಪ್ರೊಪೆಲ್ಲರ್ ವಿಮಾನಗಳು ಅಭ್ಯಾಸದ ಸಮಯದಲ್ಲಿ ಒಂದಕ್ಕೊಂದು ತಾಗಿದವು. ಚಾಲಕರು ಹೊರಚಿಮ್ಮಿ ಬದುಕಿಕೊಂಡರು. ಅದು ಸ್ಥಾನ ತಪ್ಪಿದ್ದರ ಫಲ. ಸ್ಥಾನ ತಪ್ಪದಿದ್ದುದರ ಫಲ ಇನ್ನೂ ಘೋರವಾದುದು. 1982ರ ಜನವರಿ 18ರಂದು ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಥಂಡರ್‌ಬರ್ಡ್ಸ್ ತಂಡದ ನಾಲ್ಕು ವಿಮಾನಗಳು ಸಾಲಾಗಿ ಆಕಾಶದಲ್ಲಿ ವರ್ತುಲ ಬಿಡಿಸಿ ಕೆಳಗಿಳಿಯುತ್ತಿದ್ದವು. ಅವು ಜೆಟ್ ವಿಮಾನಗಳಾದರೂ ವ್ಯೂಹದ ನಿಯಮ ಒಂದೇ. ಮುಂದಾಳಿನ ವಿಮಾನದ ನಿಯಂತ್ರಣಯಂತ್ರ ಸಿಕ್ಕಿಕೊಂಡಿತೆಂದು ಅನಂತರದ ವಿಚಾರಣೆ ನಿರ್ಣಯಿಸಿತು. ಅವನ ವಿಮಾನ ಮೇಲೇಳಲಿಲ್ಲ. ಮೂವರು ಅನುಯಾಯಿಗಳ ದೃಷ್ಟಿ ಅವನಲ್ಲೇ ನೆಟ್ಟಿತ್ತು; ನಾಲ್ಕೂ ವಿಮಾನಗಳು ಒಟ್ಟಿಗೆ ನೆಲಕ್ಕೆ ಅಪ್ಪಳಿಸಿದವು, ನಾಲ್ವರೂ ಮಡಿದರು.

ಆ ಮೂವರನ್ನು ಅಂಧಾನುಕರಣೆಯ ಉದಾಹರಣೆಯಾಗಿ ಬಳಸುವವರಿದ್ದಾರೆ. ನಮಗೆ ಅದು ಅನ್ಯಾಯವೆನಿಸುತ್ತದೆ. ಪ್ರತಿಯೊಬ್ಬನೂ ನೆಲದ ಕಡೆಗೊಮ್ಮೆ, ಮುಂದಾಳಿನ ಕಡೆಗೊಮ್ಮೆ ಕಣ್ಣು ಹೊರಳಿಸುತ್ತಿದ್ದರೆ ವ್ಯೂಹ ಮೊದಲ ತಿರುವಿನಲ್ಲೇ ಒಡೆದು ಪರಸ್ಪರ ಬಡಿಯುತ್ತಿತ್ತು. ಕಣ್ಣು ಒಂದೇ ಕಡೆ ನೆಡಬೇಕಾದ ಕೆಲಸಗಳು ಲೋಕದಲ್ಲಿವೆ. ಶಸ್ತ್ರಚಿಕಿತ್ಸೆಯ ಮೇಜಿನ ಬಳಿ ಸಾಧನಗಳನ್ನು ನೀಡುವ ದಾದಿ, ನಡುವೆ ನಿಂತು ಚಿಕಿತ್ಸೆಯ ಔಚಿತ್ಯವನ್ನು ಚರ್ಚಿಸಲಾರಳು. ಆದ್ದರಿಂದ ಪ್ರಶ್ನೆ, ನಂಬಬೇಕೇ ಬೇಡವೇ ಎಂಬುದಲ್ಲ. ನಂಬಿಕೆಯು ಕಣ್ಣು ಮುಚ್ಚಿಕೊಳ್ಳಬೇಕಾದ ಹೊತ್ತು ಯಾವುದು, ತೆರೆಯಬೇಕಾದ ಹೊತ್ತು ಯಾವುದು ಎಂಬುದು.

ಜರ್ಮನಿಯ ತತ್ತ್ವಜ್ಞ ಕಾಂಟ್ 1784ರಲ್ಲಿ ಬರೆದ ಪ್ರಬಂಧವೊಂದನ್ನು, ತತ್ತ್ವಶಾಸ್ತ್ರ ಓದಿದ ನಮ್ಮ ಹಳೆಯ ವಿದ್ಯಾರ್ಥಿಗಳು ಬಲ್ಲರು. ಪರರ ಮಾರ್ಗದರ್ಶನವಿಲ್ಲದೆ ಸ್ವಬುದ್ಧಿಯನ್ನು ಬಳಸಲು ಧೈರ್ಯ ಸಾಲದಿರುವುದನ್ನು ಮನುಷ್ಯನು ತಾನೇ ತಂದುಕೊಂಡ ಎಳಸುತನವೆಂದು ಅಲ್ಲಿ ಆತನು ಹೇಳುತ್ತಾನೆ. ಇಷ್ಟನ್ನೇ ನೆನಪಿಟ್ಟುಕೊಳ್ಳುವವರು ಬಹಳ. ಅದೇ ಪ್ರಬಂಧದಲ್ಲಿ ಸೈನ್ಯಾಧಿಕಾರಿಯ ದೃಷ್ಟಾಂತವೂ ಇದೆ. ಕರ್ತವ್ಯದಲ್ಲಿರುವಾಗ ಮೇಲಧಿಕಾರಿಯ ಆಜ್ಞೆಯನ್ನು ಕುರಿತು ವಾದಕ್ಕೆ ನಿಲ್ಲುವುದು ವಿನಾಶಕರ. ಆದರೆ ವಿದ್ವಾಂಸನಾಗಿ ಲೋಕದ ಮುಂದೆ ಆ ಸೇವೆಯ ದೋಷಗಳನ್ನು ಎತ್ತಿ ತೋರುವುದನ್ನು ಯಾರೂ ತಡೆಯಲಾಗದು ಎಂಬುದು ಆತನ ಅಭಿಪ್ರಾಯ. ವಿಧೇಯತೆಗೂ ವಿಮರ್ಶೆಗೂ ಬೇರೆಬೇರೆ ಸ್ಥಳ ಕಲ್ಪಿಸಿದ ಈ ವಿವೇಕವನ್ನು ವ್ಯೂಹಚಾಲಕರು ತಮ್ಮ ರೀತಿಯಲ್ಲಿ ಪಾಲಿಸುತ್ತಾರೆ. ಇಳಿದ ಮೇಲೆ ಕೊಠಡಿಯೊಂದರಲ್ಲಿ ಕುಳಿತು ಆ ಹಾರಾಟದ ಚಿತ್ರಸುರುಳಿಯನ್ನು ನೋಡುತ್ತಾರೆ. ಅಲ್ಲಿ ಪದವಿಯ ಹಿರಿತನ ನಡೆಯುವುದಿಲ್ಲ. ಮುಂದಾಳೂ ತನ್ನ ತಪ್ಪನ್ನು ಕೇಳಿಸಿಕೊಳ್ಳಬೇಕು; ತಂಡಕ್ಕೆ ಹೊಸದಾಗಿ ಬಂದವನೂ ಕಂಡದ್ದನ್ನು ಹೇಳಬೇಕು. ಹಾರುತ್ತಿರುವಾಗಲೂ ಅಪಾಯ ಕಂಡವನು, ಅವನು ಎಷ್ಟೇ ಕಿರಿಯನಾಗಲಿ, ಕಸರತ್ತನ್ನು ನಿಲ್ಲಿಸುವ ಸಂಕೇತವನ್ನು ಕೂಗಬಹುದೆಂಬ ನಿಯಮವನ್ನು ಅನೇಕ ವಾಯುಸೇನೆಗಳು ಇಟ್ಟುಕೊಂಡಿವೆ. ಆ ಕೂಗು ಬಂದರೆ ಮೊದಲು ನಿಲ್ಲಿಸುವುದು. ಸರಿಯೋ ತಪ್ಪೋ ಎಂಬ ವಿಚಾರ ಅನಂತರ.

ನಮ್ಮ ಸಂಸ್ಥೆಗಳಲ್ಲಿ ಮೊದಲನೆಯದನ್ನು ಕೇಳುವವರು ಬಹಳ, ಎರಡನೆಯದನ್ನು ಕೊಡುವವರು ಕಡಿಮೆ. ಇಲ್ಲಿ ಕಲಿತುಹೋದವರಲ್ಲಿ ಕಚೇರಿ, ಶಾಲೆ, ಸಹಕಾರ ಸಂಘಗಳ ಮುಖ್ಯಸ್ಥರಾದವರಿದ್ದಾರೆ. ಕೈಕೆಳಗಿನವರು ಎದುರಾಡುವುದಿಲ್ಲವೆಂಬುದನ್ನು ಸಂತೋಷದಿಂದ ಹೇಳಿಕೊಳ್ಳುವವರೂ ಅವರಲ್ಲಿ ಉಂಟು. ಅವರು ಎದುರಾಡಲು ಒಂದು ಕೊಠಡಿಯನ್ನು, ಒಂದು ಗಂಟೆಯನ್ನು ಕೊಟ್ಟಿದ್ದೀರಾ ಎಂದು ಕೇಳಿದರೆ ಮೌನ. ಮಠಗಳೂ ಈ ಪ್ರಶ್ನೆಗೆ ಉತ್ತರ ಹೇಳಬೇಕು.

ಮುಂದಾಳಿನ ಧರ್ಮದಲ್ಲಿ ಇನ್ನೊಂದು ಅಂಶವಿದೆ. ವಿಮಾನದ ಸಂಗತಿ ಬಲ್ಲವರು ಇದನ್ನು ಸಾಮಾನ್ಯವೆಂದು ಬಿಟ್ಟುಬಿಡುತ್ತಾರೆ. ವ್ಯೂಹ ತಿರುಗುವಾಗ ಒಳಬದಿಯವನ ದಾರಿ ಕಿರಿದು, ಹೊರಬದಿಯವನದು ಹಿರಿದು. ಒಂದೇ ಕಾಲದಲ್ಲಿ ಹೆಚ್ಚು ದೂರ ಕ್ರಮಿಸಬೇಕಾದ ಹೊರಬದಿಯವನಿಗೆ ಹೆಚ್ಚಿನ ಶಕ್ತಿ ಬೇಕು. ಎಲ್ಲರವೂ ಒಂದೇ ಬಗೆಯ ಎಂಜಿನ್ನುಗಳು. ಮುಂದಾಳು ತನ್ನದನ್ನು ಪೂರ್ತಿ ಬಳಸಿದರೆ ಹೊರಬದಿಯವನು ಎಲ್ಲಿಂದ ತರಬೇಕು? ಆದಕಾರಣ ಮುಂದಾಳು ಎಂದಿಗೂ ತನ್ನ ಪೂರ್ಣಶಕ್ತಿಯಿಂದ ಹಾರುವುದಿಲ್ಲ. ತಿರುಗುವ ಮುನ್ನ ತಿರುಗುತ್ತೇನೆಂದು ಹೇಳುತ್ತಾನೆ, ಥಟ್ಟನೆ ಏನನ್ನೂ ಮಾಡುವುದಿಲ್ಲ. ಒಬ್ಬಂಟಿಯಾಗಿದ್ದರೆ ತೋರಬಹುದಾಗಿದ್ದ ಚಮತ್ಕಾರಗಳೆಷ್ಟೋ ಅವನ ಕೈಯಲ್ಲೇ ಉಳಿಯುತ್ತವೆ. 2006ರಲ್ಲಿ ಹೊಗೆಯ ದಳದವರು 12 ತುಕಾನೋಗಳನ್ನು ಒಂದೇ ವ್ಯೂಹದಲ್ಲಿ ತಲೆಕೆಳಗಾಗಿ ಹಾರಿಸಿ ವಿಶ್ವದಾಖಲೆ ಸ್ಥಾಪಿಸಿದರು. ಸೊಂಟಪಟ್ಟಿಗಳಲ್ಲಿ ಜೋತುಬಿದ್ದ ಮುಂದಾಳಿಗೆ ಭೂಮಿ ನೆತ್ತಿಯ ಮೇಲಿತ್ತು. ಅವನ ಕೈ ಎಂಜಿನ್ನಿನ ಹಿಡಿಯನ್ನು ಕೊನೆಯವರೆಗೆ ಒತ್ತದೆ, ಅಂಚಿನಲ್ಲಿದ್ದವರ ಪಾಲಿನಷ್ಟನ್ನು ಬಿಟ್ಟುಕೊಂಡಿತ್ತು.