ಕಂಡದ್ದೆಲ್ಲ ಸಾಧನೆಯಲ್ಲ

ರೇಖಾಗಣಿತದ ಸಾಧನೆಯನ್ನು ನಾವೆಲ್ಲ ಉರು ಹೊಡೆದೇ ಕಲಿತವರು. ಪ್ರಮೇಯ, ಚಿತ್ರ, ಸಾಧನೆ. ಪರೀಕ್ಷೆಯಲ್ಲಿ ಇಷ್ಟು ಒಪ್ಪಿಸಿದರೆ ಮುಗೀತು. ಯಾಕೆ ಎಂದು ಕೇಳುವುದಕ್ಕೇ ಹುಟ್ಟಿದ ವಿದ್ಯೆ ಹೀಗೆ ಮಂತ್ರವಾಗಿ ಕೂತಿದೆ. ಆದ್ದರಿಂದ ಮೊದಲ ಪ್ರಶ್ನೆಯನ್ನೇ ಮತ್ತೆ ಕೇಳೋಣ: ಹಲಗೆಯ ಮೇಲಿನ ಚಿತ್ರಕ್ಕೂ ಸಾಧನೆಗೂ ಏನು ಸಂಬಂಧ?

ಸೀಮೆಸುಣ್ಣದಲ್ಲಿ ಎಳೆದ ತ್ರಿಭುಜ ಸೊಟ್ಟಗಿರುತ್ತೆ. ಗೆರೆಗೆ ದಪ್ಪ ಇರುತ್ತೆ. ಅಳೆದರೆ ಮೂರು ಕೋನ ಸೇರಿ 179 ಡಿಗ್ರಿಯೋ 181 ಡಿಗ್ರಿಯೋ ಬಂದೀತು. ಆದರೂ ಮೊತ್ತ 180 ಎಂಬ ಮಾತು ಅಲುಗುವುದಿಲ್ಲ. ಅದು ಅಳತೆಯ ಮೇಲೆ ನಿಂತಿಲ್ಲ. ಒಂದು ಶೃಂಗದ ಮೂಲಕ ಎದುರು ಬಾಹುವಿಗೆ ಸಮಾಂತರ ರೇಖೆ ಎಳೆದಾಗ ಪರ್ಯಾಯ ಕೋನಗಳು ಸಮ ಎಂಬ ಕಾರಣದ ಮೇಲೆ ನಿಂತಿದೆ. ಆ ಕಾರಣ ತ್ರಿಭುಜ ದೊಡ್ಡದೋ ಚಿಕ್ಕದೋ ಎಂದು ಕೇಳುವುದೇ ಇಲ್ಲ. ಅದಕ್ಕೇ ಒಂದು ಸೊಟ್ಟ ತ್ರಿಭುಜ ಎಲ್ಲ ತ್ರಿಭುಜಗಳ ಪರವಾಗಿ ಮಾತಾಡಬಲ್ಲದು.

ಹಾಗಾದರೆ ಚಿತ್ರ ಬರೀ ಅಲಂಕಾರವೇ? ಅಲ್ಲ. ಕ್ರಿ.ಪೂ. 300ರ ಸುಮಾರಿಗೆ ಯೂಕ್ಲಿಡ್ ಬರೆದ 'ಎಲಿಮೆಂಟ್ಸ್'ನ ಮೊಟ್ಟಮೊದಲ ಪ್ರಮೇಯ ನೋಡಿ. ಒಂದು ರೇಖಾಖಂಡದ ಎರಡೂ ತುದಿಗಳಲ್ಲಿ ಕೈವಾರ ಊರಿ, ಅದೇ ಉದ್ದದ ತ್ರಿಜ್ಯದಿಂದ ಎರಡು ವೃತ್ತ ಎಳೆಯುತ್ತಾನೆ. ಅವು ಕೂಡುವ ಬಿಂದುವನ್ನು ಎರಡೂ ತುದಿಗೆ ಸೇರಿಸಿದರೆ ಸಮಬಾಹು ತ್ರಿಭುಜ. ಬಾಹುಗಳು ಯಾಕೆ ಸಮ? ಎಲ್ಲವೂ ತ್ರಿಜ್ಯಗಳೇ, ಕಾರಣ ಸಿಕ್ಕಿತು. ಆದರೆ ಆ ವೃತ್ತಗಳು ಕೂಡಿಯೇ ತೀರುತ್ತವೆ ಎನ್ನುವುದಕ್ಕೆ? ಅವನ ಐದು ಆಧಾರ ಪ್ರತಿಜ್ಞೆಗಳಲ್ಲಿ ಅದು ಇಲ್ಲ. ಚಿತ್ರದಲ್ಲಿ ಕಾಣುತ್ತಲ್ಲ, ಅಷ್ಟೆ.

ಯೂಕ್ಲಿಡ್ ಕಣ್ಣು ಮುಚ್ಚಿ ಚಿತ್ರ ನಂಬಿದವನಲ್ಲ. ಸಮ ಎಂಬುದನ್ನು ಅವನು ನೋಡಿ ಹೇಳುವುದಿಲ್ಲ. ಒಳಗೋ ಹೊರಗೋ, ಕೂಡುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಚಿತ್ರಕ್ಕೆ ಬಿಡುತ್ತಾನೆ. ಅಲ್ಲೇ ಅಪಾಯವೂ ಇದೆ. ಎಲ್ಲ ತ್ರಿಭುಜವೂ ಸಮದ್ವಿಬಾಹು ಎಂದು 'ಸಾಧಿಸುವ' ಹಳೆಯ ಮೋಸದ ಲೆಕ್ಕವೊಂದಿದೆ. ಹೆಜ್ಜೆಹೆಜ್ಜೆಗೂ ಕಾರಣ ಇರುತ್ತೆ. ಹೊರಗೆ ಬೀಳಬೇಕಾದ ಬಿಂದುವನ್ನು ಚಿತ್ರದಲ್ಲಿ ಒಳಗೆ ಇಟ್ಟಿರುತ್ತಾರೆ.

1882ರಲ್ಲಿ ಜರ್ಮನಿಯ ಮೊರಿಟ್ಜ್ ಪಾಶ್, 1899ರಲ್ಲಿ ಡೇವಿಡ್ ಹಿಲ್ಬರ್ಟ್ ಹೀಗೆ ಚಿತ್ರದೊಳಗೆ ಅಡಗಿದ್ದ ನಂಬಿಕೆಗಳನ್ನು ಬಯಲಿಗೆಳೆದರು. 'ನಡುವೆ' ಎಂಬ ಸಣ್ಣ ಮಾತಿಗೂ ನಿಯಮ ಬರೆದರು. ಅವರು ಚಿತ್ರವನ್ನು ಅಳಿಸಲಿಲ್ಲ. ಅದೂ ಲೆಕ್ಕ ಒಪ್ಪಿಸಬೇಕು ಎಂದರು. ಕಣ್ಣು ದಾರಿ ತೋರಿಸಲಿ, ತೀರ್ಪು ಕೊಡುವುದು ಬೇಡ.

ಕೊನೆಯ ಬೆಂಚಿನ ಹುಡುಗಿ ಎದ್ದು, 'ಆ ವೃತ್ತಗಳು ಕೂಡಲೇಬೇಕು ಅಂತ ಯಾಕೆ ಸಾರ್?' ಎಂದರೆ, 'ಕಾಣಲ್ವೇನೇ, ಕೂತ್ಕೊ' ಎಂದು ನಾವು ಗದರಬಾರದು. ಆ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವುದಕ್ಕೆ ಲೋಕಕ್ಕೆ ಎರಡು ಸಾವಿರ ವರ್ಷ ಹಿಡಿಯಿತು.